ಹಳೆಯ ತಂತ್ರಾಂಶದ ಹೊಸ ಪರವಾನಗಿ

ಕಮಲಾಕ್ಷಮ್ಮನವರ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಹತ್ತು ವರ್ಷ ಕನ್ನಡ ಅಕ್ಷರ ಜೋಡಿಸಿದ್ದ ತಂತ್ರಾಂಶವನ್ನು, ಹೊಸದಾಗಿ ಬಂದ ಆಪರೇಟಿಂಗ್ ಸಿಸ್ಟಮ್ ಒಂದು ಬೆಳಿಗ್ಗೆ ಬಾಗಿಲಲ್ಲೇ ತಡೆಯಿತು.

"ಪರವಾನಗಿ ತೋರಿಸಿ."

ತಂತ್ರಾಂಶ ತನ್ನ ಪರವಾನಗಿ ಸಂಖ್ಯೆ ಹೇಳಿತು.

"ಇದು ಬೇರೊಂದು ಕಂಪ್ಯೂಟರಿನ ಹೆಸರಲ್ಲಿದೆ."

"ಆ ಕಂಪ್ಯೂಟರ್ ಇದೇ ಸ್ವಾಮಿ! ಬದಲಾದದ್ದು ನೀವು, ನಾನಲ್ಲ."

"ದಾಖಲೆಯಲ್ಲಿ ಹಾಗಿಲ್ಲ."

ಮಧ್ಯಾಹ್ನದವರೆಗೂ ಇದೇ ಮಾತು. ಶಾಲೆಯವರು ಪ್ರಶ್ನೆಪತ್ರಿಕೆಗಾಗಿ ಬಂದು ಕೂತರು. ಕಮಲಾಕ್ಷಮ್ಮ ಪರವಾನಗಿ ಕಚೇರಿಗೆ ಫೋನ್ ಮಾಡಿದರು.

"ಹಳೆಯ ಜಾಗ ಬಿಟ್ಟೆ ಅಂತ ಮೊದಲು ಬರೆದುಕೊಡಲಿ, ಆಮೇಲೆ ಹೊಸದಾಗಿ ಸೇರಿಕೊಳ್ಳಲಿ" ಎಂದರು ಅಲ್ಲಿಯವರು.

ವಾದಿಸಲು ತಂತ್ರಾಂಶಕ್ಕೆ ತ್ರಾಣ ಉಳಿದಿರಲಿಲ್ಲ. ಎಂದೂ ಬಿಡದ ಮನೆಯನ್ನು ಬಿಟ್ಟೆನೆಂದು ಬರೆದುಕೊಟ್ಟಿತು. ಬಾಗಿಲು ತೆರೆಯಿತು.

"ಬನ್ನಿ ಹೊಸಬರೇ, ಒಳಗೆ ದಾರಿ ತೋರಿಸಲೇ?" ಎಂದಿತು ಸಿಸ್ಟಮ್.

"ತೋರಿಸಿ" ಎಂದು ತಂತ್ರಾಂಶ ಅದರ ಹಿಂದೆ ನಡೆಯಿತು.