ಆಕಾಶ ಅಳೆಯಲು ಹೊರಟ ಕೊಳಗ

ಸುಗ್ಗಿ ಮುಗಿದ ಕಣದಲ್ಲಿ, ಕಾಳು ಅಳೆಯುವ ಕೊಳಗವೊಂದು ಖಾಲಿ ಕೂತು ಕೊರಗುತ್ತಿತ್ತು. ಸಂಜೆಗೆ ಚುಕ್ಕಿಗಳು ಮೂಡಿದ್ದೇ ತಡ, ಅದಕ್ಕೆ ಎಲ್ಲಿಲ್ಲದ ಹುರುಪು ಬಂತು.

"ಅಬ್ಬಾ, ಎಂಥಾ ರಾಶಿ! ಯಾರು ಒಟ್ಟಿದರೋ, ಯಾವಾಗ ಒಟ್ಟಿದರೋ! ಅಳೆದೇ ಬಿಡುತ್ತೇನೆ" ಎಂದಿತು.

ಎತ್ತು ಕಟ್ಟಲು ಕಣದ ನಡುವೆ ನೆಟ್ಟಿದ್ದ ಮೇಟಿ ಕಂಬ ನಕ್ಕಿತು. "ಅಳೆಯಪ್ಪಾ. ಎತ್ತುಗಳು ಸುತ್ತುವುದನ್ನು ಕಂಡು, ಚುಕ್ಕಿಗಳೂ ನನ್ನನ್ನೇ ಸುತ್ತುತ್ತಿವೆ ಎಂದು ನಾನೂ ನಂಬಿದ್ದೆ."

ಕಣದಲ್ಲಿ ಮೊದಲ ಅಳತೆಗೆ ಯಾರೂ 'ಒಂದು' ಎನ್ನುವುದಿಲ್ಲ. ಬೆಳೆ ಕೊಟ್ಟ ಭೂಮಿತಾಯಿಗೆ ಕೈಮುಗಿದು 'ಲಾಭ' ಎನ್ನುತ್ತಾರೆ. ಕೊಳಗವೂ ಬಾಯ್ತುಂಬ ಆಕಾಶ ತುಂಬಿಕೊಂಡು "ಲಾಭ!" ಎಂದು ಕೂಗಿ ಮಗುಚಿಕೊಂಡಿತು. ಎದ್ದು 'ಎರಡು' ಎನ್ನಬೇಕು, ನೋಡಿದರೆ ಅದೇ ಆಕಾಶ ಒಳಗೆ ಹಾಗೇ ತುಂಬಿತ್ತು. ಮೇಲೆ ಒಂದು ಚುಕ್ಕಿಯೂ ಕಡಿಮೆಯಾಗಿರಲಿಲ್ಲ. ಉರುಳಾಡಿತು, ಮೈ ಕೊಡವಿತು. ಆಕಾಶ ಚೆಲ್ಲಲೇ ಇಲ್ಲ.

"ಅಳೆಯಲು ಬಾರದ ಕೊಳಗ ಯಾವ ಕೆಲಸಕ್ಕೆ ಬಂತು?" ಎಂದು ಕೊಳಗ ಹಲುಬಿತು.

"ಅದಿರಲಿ, ಖಾಲಿಯಾದೆ ಎಂದು ಕೊರಗುತ್ತಿದ್ದೆಯಲ್ಲ, ಎಂದಾದರೂ ಖಾಲಿ ಇದ್ದೆಯಾ?" ಎಂದು ಮೇಟಿ ಕೇಳಿತು.

ಕೊಳಗ ತನ್ನೊಳಗೆ ಇಣುಕಿ ನೋಡಿತು. ರಾಶಿ ತನ್ನೆದುರಿಗೆ ಇಲ್ಲ, ತಾನೇ ರಾಶಿಯೊಳಗೆ ಕೂತಿದ್ದೇನೆ ಎಂಬುದು ಅದಕ್ಕೆ ಮೆಲ್ಲಗೆ ಹೊಳೆಯಿತು.

"ಎಲ್ಲಿಗೆ ಬಂತು ಲೆಕ್ಕ?" ಎಂದಿತು ಮೇಟಿ.

ಕೊಳಗ ಮುಖವೆತ್ತಿ, ಈ ಸಲ ಕೂಗದೆ, ಕೈಮುಗಿದವರ ದನಿಯಲ್ಲಿ ಹೇಳಿತು: "ಲಾಭ."