ತಾನೇ ಕಲಿಯುವ ಡಬ್ಬಿ

"ತಾಯಿ, ಒಬ್ಬ ಒಳ್ಳೆಯ ಗುರುವನ್ನು ಹೇಗೆ ಆರಿಸಿಕೊಳ್ಳಬೇಕು?"

ಕೇಳಿದವನು ವಿರುಪಣ್ಣ. ಕೇಳಿದ್ದು ತನ್ನ ಗುರು ದಾನಮ್ಮ ತಾಯಿಯನ್ನೇ. ಒಂಬತ್ತು ವರ್ಷಗಳಿಂದ ಪ್ರತಿ ಸೋಮವಾರ ಅವರ ಕುಟೀರಕ್ಕೆ ಬಂದು, ಕೈಕಟ್ಟಿ ಕುಳಿತು, ಹೇಳಿದ್ದನ್ನು ಕೇಳಿಕೊಂಡು ಹೋಗುತ್ತಿದ್ದ. ಅಲ್ಲಿ ಅವನಷ್ಟು ಮೆತ್ತಗಿನ ಶಿಷ್ಯ ಇನ್ನೊಬ್ಬನಿರಲಿಲ್ಲ. ಆದರೆ ಮೊನ್ನೆ ಮನೆಯಲ್ಲಿ ಉಣ್ಣುತ್ತಿದ್ದ ತಟ್ಟೆಯನ್ನು ಎತ್ತಿ ಗೋಡೆಗೆ ಒಗೆದಿದ್ದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. "ಸಿಟ್ಟು ಬಿಟ್ಟ ದಿನ ಕರೆಯಲು ಬನ್ನಿ, ಅಲ್ಲಿಯವರೆಗೆ ಬೇಡ" ಎಂದು ಹೇಳಿಯೇ ಹೋಗಿದ್ದಳು.

"ಇಲ್ಲಿಗೆ ಬಂದರೂ ನನ್ನ ಸಿಟ್ಟು ಹೋಗಲಿಲ್ಲ. ಬೇರೆ ಗುರುವನ್ನು ನೋಡಬೇಕೆಂದಿದ್ದೇನೆ. ತಪ್ಪು ತಿಳಿಯಬೇಡಿ ತಾಯಿ."

"ತಪ್ಪೇನು ಬಂತು? ಕಾಲಿಗೆ ಕಚ್ಚುವ ಚಪ್ಪಲಿಯನ್ನು ಯಾರೂ ಮೆಟ್ಟಿಕೊಂಡು ತಿರುಗುವುದಿಲ್ಲ," ಎಂದು ತಾಯಿ ನಕ್ಕರು. "ಬೈಕಿನ ಮೇಲೆ ಬಂದಿದ್ದೀಯೆ. ಬೈಕಿನ ಕತೆಯನ್ನೇ ಹೇಳುತ್ತೇನೆ, ಕೇಳು."

ಒಬ್ಬ ಸವಾರನಿದ್ದ. ಅವನ ಊರಿನಲ್ಲಿ ವರ್ಷಕ್ಕೊಮ್ಮೆ, ಕೆರೆ ಬತ್ತಿದ ಮೇಲೆ, ಕೆರೆಯಂಗಳದಲ್ಲಿ ಬೈಕಿನ ಪಂದ್ಯ ನಡೆಯುತ್ತಿತ್ತು. ಒಂದೇ ಸುತ್ತು. ಮೊದಲು ಹಾವಿನಂತೆ ಸುತ್ತುವ ತಿರುವುಗಳು. ಕೊನೆಗೆ ಏರಿಯ ಬುಡದಲ್ಲಿ ಬಾಣದಂಥ ನೇರ ದಾರಿ. ಹೋದ ವರ್ಷ ಸವಾರ ಆ ನೇರ ದಾರಿಯಲ್ಲಿ ಒಂದು ಗಾಲಿಯಷ್ಟು ಅಂತರದಲ್ಲಿ ಸೋತಿದ್ದ. ಒಂದೇ ಒಂದು ಗಾಲಿ! ವರ್ಷವಿಡೀ ಆ ಗಾಲಿ ಅವನ ತಲೆಯೊಳಗೆ ತಿರುಗುತ್ತಲೇ ಇತ್ತು.

ಈ ವರ್ಷ ಗೆಲ್ಲಲೇಬೇಕೆಂದು ಬೈಕಿಗೆ ಅಗಲವಾದ ಸೈಲೆನ್ಸರ್ ಹಾಕಿಸಿದ. ಹೆಚ್ಚು ಗಾಳಿ ಎಳೆಯುವ ಫಿಲ್ಟರ್ ಹಾಕಿಸಿದ. ಎಂಜಿನ್ ಗುಡುಗಿತು, ಸವಾರನ ಎದೆ ಹಿಗ್ಗಿತು. ಆದರೆ ಗಾಳಿ ಹೆಚ್ಚಾಯಿತೇ ಹೊರತು ಪೆಟ್ರೋಲು ಮೊದಲಿನಷ್ಟೇ ಬರುತ್ತಿತ್ತು. ಆಕ್ಸಿಲರೇಟರ್ ತಿರುಚಿದರೆ ಬೈಕು ಕೆಮ್ಮುತ್ತಿತ್ತು. ಪೆಟ್ರೋಲಿನ ಅಳತೆಯನ್ನು ಸರಿಪಡಿಸುವ ಡಬ್ಬಿಯೊಂದು ಬರುತ್ತದೆ, ಅದಕ್ಕೆ ಟ್ಯೂನರ್ ಎನ್ನುತ್ತಾರೆ ಎಂದು ಯಾರೋ ಹೇಳಿದರು. ಅಂದೇ ಪೇಟೆಗೆ ಹೋದ.

ಅಂಗಡಿ ಒಬ್ಬ ಹೆಂಗಸಿನದು. ಕೈಗೆ ಮಸಿ ಹತ್ತಿಸಿಕೊಂಡೇ ವ್ಯಾಪಾರ ಕಲಿತವಳು.

"ಅಕ್ಕಾ, ಇರುವುದರಲ್ಲೇ ಜೋರಾದ ಟ್ಯೂನರ್ ಕೊಡಿ."

"ಜೋರಾಗಿ ಓಡಬೇಕಾದ್ದು ಬೈಕು, ತಮ್ಮಾ. ಡಬ್ಬಿ ಇದ್ದಲ್ಲೇ ಇರುತ್ತದೆ."

ಅವಳು ಮೂರು ಡಬ್ಬಿಗಳನ್ನು ಮುಂದಿಟ್ಟಳು. ಮೊದಲನೆಯದರಲ್ಲಿ ಅಳತೆಗಳೆಲ್ಲ ಮೊದಲೇ ತುಂಬಿದ್ದವು. ಯಾರೋ, ಎಲ್ಲಿಯೋ, ಬೇರೆ ಬೈಕನ್ನು ಓಡಿಸಿ ಬರೆದಿಟ್ಟವು. ಎರಡನೆಯದಕ್ಕೆ ಎರಡೇ ತಿರುಪು. ಸವಾರನ ಕಿವಿ ಚುರುಕಾಗಿದ್ದರೆ ಎಂಜಿನ್ನಿನ ಸದ್ದು ಕೇಳಿ ತಿರುಗಿಸಿಕೊಳ್ಳಬಹುದು. ಮೂರನೆಯದು ಸೈಲೆನ್ಸರಿನೊಳಗೆ ಮೂಗಿಟ್ಟು ಕೂರುತ್ತದೆ. ಬೈಕು ಓಡಿದಂತೆಲ್ಲ ಹೊಗೆಯ ಪರೀಕ್ಷೆ ಮಾಡಿ, ಯಾವ ವೇಗಕ್ಕೆ ಎಷ್ಟು ಪೆಟ್ರೋಲು ಬೇಕೆಂದು ತಾನೇ ಕಲಿಯುತ್ತದೆ.

ತಾನೇ ಕಲಿಯುತ್ತದೆ! ಸವಾರ ಉಳಿದೆರಡನ್ನು ಮುಟ್ಟಿಯೂ ನೋಡಲಿಲ್ಲ.

"ಪಂದ್ಯದಲ್ಲಿ ಹೇಗೆ ಓಡಿಸುತ್ತೀಯೋ ಹಾಗೇ ಎಂಟು ದಿನ ಓಡಿಸು," ಎಂದಳು ಅವಳು. ಸವಾರ ಹೂಂ ಎಂದ. ಅವನ ಮನಸ್ಸು ಆಗಲೇ ಕೆರೆಯಂಗಳದಲ್ಲಿತ್ತು.

ಮರುದಿನ ಡಬ್ಬಿ ಹಾಕಿಸಿಕೊಂಡು ಹೊರಟ. ಮೆಲ್ಲಗೆ ಹೋದಾಗ ಬೈಕು ಬೆಣ್ಣೆಯಂತೆ ಸಾಗಿತು. ಆಕ್ಸಿಲರೇಟರ್ ಪೂರ್ತಿ ತಿರುಚಿದಾಗ ಕೆಮ್ಮಿತು. ರಸ್ತೆಯ ಬದಿ ನಿಂತವರು ತಿರುಗಿ ನೋಡಿದರು. ಸವಾರನಿಗೆ ನಾಚಿಕೆಯಾಯಿತು, ಕೂಡಲೇ ಕೈ ಸಡಿಲಿಸಿದ. ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನದಿಂದ ಅವನು ಕೈಯನ್ನು ಅರ್ಧಕ್ಕಿಂತ ಮುಂದೆ ಒಯ್ಯಲೇ ಇಲ್ಲ. ಬೈಕು ಆಮೇಲೆ ಕೆಮ್ಮಲಿಲ್ಲ. ಕೆಮ್ಮು ವಾಸಿಯಾಯಿತೆಂದು ಸವಾರ ತಿಳಿದ. ಮನೆಯವರಿಗೆ ಹೇಳಿದ, ಗೆಳೆಯರಿಗೆ ಹೇಳಿದ, "ಏನು ಡಬ್ಬಿ ಅದು!" ಎಂದು ಹೊಗಳಿದ.

ಪಂದ್ಯದ ದಿನ ಬಂತು. ಬಾವುಟ ಕೆಳಗಿಳಿಯಿತು. ಹದಿನಾಲ್ಕು ಬೈಕುಗಳು ಒಟ್ಟಿಗೆ ನುಗ್ಗಿದವು. ಕೆರೆಯ ಕೆಂಪು ಧೂಳು ಆಳೆತ್ತರ ಎದ್ದಿತು. ಮೊದಲನೆಯ ತಿರುವಿನಲ್ಲಿ ಸವಾರ ಐದನೆಯವನು. ಎರಡನೆಯ ತಿರುವಿನಲ್ಲಿ ಮೂರನೆಯವನು. ಬೈಕು ಅವನ ಮನಸ್ಸನ್ನು ಓದಿದಂತೆ ವಾಲುತ್ತಿತ್ತು, ಏಳುತ್ತಿತ್ತು. ಕೊನೆಯ ತಿರುವಿನಿಂದ ಹೊರಬಿದ್ದಾಗ ಅವನ ಮುಂದೆ ಯಾರೂ ಇರಲಿಲ್ಲ. ಬರೀ ನೇರ ದಾರಿ. ಏರಿಯ ಮೇಲಿನ ಜನ ಕೂಗಿದರು. ಸವಾರ ಮೈಯನ್ನು ಟ್ಯಾಂಕಿಗೆ ಅಂಟಿಸಿ ಆಕ್ಸಿಲರೇಟರನ್ನು ಕೊನೆಯವರೆಗೆ ತಿರುಚಿದ.

ಬೈಕು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಎಡಕ್ಕೊಬ್ಬ, ಬಲಕ್ಕೊಬ್ಬ ದಾಟಿ ಹೋದರು.

"ಬೈಕಿಗೆ ಬೆಳಿಗ್ಗೆ ಕಷಾಯ ಕುಡಿಸಲಿಲ್ಲವೇನೋ?" ಎಂದು ಗೆದ್ದವನು ಎಲ್ಲರೆದುರು ಕೇಳಿದ. ಏರಿಯೇ ನಕ್ಕಿತು.

ಸವಾರ ಮುಖದ ಧೂಳನ್ನೂ ಒರೆಸದೆ ಅಂಗಡಿಗೆ ಹೋದ.

"ಅಕ್ಕಾ, ನೀವು ಕೊಟ್ಟದ್ದು ಕೆಟ್ಟ ಡಬ್ಬಿ. ಬೇರೆಯದು ಕೊಡಿ."

ಅವಳು ಬೈಕಿನ ಬಳಿಗೆ ಬಂದಳು. ಡಬ್ಬಿಗೆ ಕಂಪ್ಯೂಟರ್ ಜೋಡಿಸಿದಳು. ಪರದೆಯ ಮೇಲೆ ಚೌಕಚೌಕದ ಪಟ್ಟಿ ಮೂಡಿತು. ಕೈಯನ್ನು ಎಷ್ಟು ತಿರುಚಿದಾಗ ಎಷ್ಟು ಪೆಟ್ರೋಲು ಕೊಡಬೇಕೆಂದು ಡಬ್ಬಿ ಕಲಿತದ್ದೆಲ್ಲ ಅದರಲ್ಲಿತ್ತು. ಪಟ್ಟಿಯ ಎಡ ಅರ್ಧ ಅಂಕಿಗಳಿಂದ ತುಂಬಿತ್ತು. ಬಲ ಅರ್ಧದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

"ಈ ಕಡೆಗೆ ನೀನು ಬರಲೇ ಇಲ್ಲವಲ್ಲ, ತಮ್ಮಾ!"

"ಬಂದಾಗಲೆಲ್ಲ ಕೆಮ್ಮುತ್ತಿತ್ತು. ಅದಕ್ಕೇ ಕೈ ಬಿಡುತ್ತಿದ್ದೆ."

"ಕೆಮ್ಮಿದಾಗ ಐದಾರು ಕ್ಷಣ ತಡೆದುಕೊಂಡಿದ್ದರೆ ಅದು ಕಲಿಯುತ್ತಿತ್ತು. ನೀನು ಅದಕ್ಕೆ ಗುಣ ತೋರಿಸಿದೆ, ರೋಗ ತೋರಿಸಲಿಲ್ಲ. ಡಬ್ಬಿ ಬದಲಾಯಿಸಿದರೆ ಹೊಸದಕ್ಕೂ ಇಷ್ಟೇ ತೋರಿಸುತ್ತೀಯೆ."

ಸವಾರ ನೇರವಾಗಿ ಕೆರೆಯಂಗಳಕ್ಕೆ ಹಿಂದಿರುಗಿದ. ಜನರಿನ್ನೂ ಪೂರ್ತಿ ಕರಗಿರಲಿಲ್ಲ. ಅವರೆದುರೇ ಕೈಯನ್ನು ಕೊನೆಯವರೆಗೆ ತಿರುಚಿದ. ಬೈಕು ಕೆಮ್ಮಿತು, ಜನ ನಕ್ಕರು. ಅವನು ಕೈ ಸಡಿಲಿಸಲಿಲ್ಲ. ತಿರುಗಿ ಬಂದು ಮತ್ತೆ ತಿರುಚಿದ. ಮತ್ತೆ ಕೆಮ್ಮಿತು, ಮತ್ತೆ ನಕ್ಕರು. ನಾಲ್ಕನೆಯ ಸಲ ಕೆಮ್ಮು ಚಿಕ್ಕದಾಯಿತು. ಏಳನೆಯ ಸಲ ಬೈಕು ಒಮ್ಮೆ ಗಂಟಲು ಸರಿಪಡಿಸಿಕೊಂಡಿತು, ಅಷ್ಟೇ. ಎಂಟನೆಯ ಸಲ ಹಾರಿತು! ಏರಿ ಹಿಂದಕ್ಕೋಡಿತು, ಗಾಳಿ ಕಿವಿಯಲ್ಲಿ ಕಿರುಚಿತು. ಸವಾರನೂ ಕಿರುಚಿದ. ನಗುತ್ತಿದ್ದವರು ಬಾಯಿ ತೆರೆದುಕೊಂಡು ಅವನು ಹೋದ ದಾರಿಯನ್ನೇ ನೋಡಿದರು.

ತಾಯಿ ಕತೆ ನಿಲ್ಲಿಸಿದರು. ವಿರುಪಣ್ಣ ಯಾವಾಗಲೋ ಕಟ್ಟಿದ ಕೈ ಬಿಚ್ಚಿ, ಮೊಣಕಾಲ ಮೇಲೆ ಎದ್ದು ಕುಳಿತಿದ್ದ. ಅವನ ಬಲಗೈ ಮುಷ್ಟಿ ಹಿಡಿದಿತ್ತು.

"ತಿಳಿಯಿತು ತಾಯಿ!" ಎಂದ. "ಆ ಮೂರನೆಯ ಡಬ್ಬಿಯಂಥ ಗುರುವನ್ನು ಹುಡುಕಬೇಕು. ಶಿಷ್ಯನನ್ನು ನೋಡಿ ತಾನೇ ಎಲ್ಲ ತಿಳಿದುಕೊಳ್ಳುವವರನ್ನು. ಅಂಥವರು ಎಲ್ಲಿ ಸಿಗುತ್ತಾರೆ?"

ತಾಯಿ ಅವನ ಮುಖ ನೋಡಿದರು.

"ಈ ಒಂಬತ್ತು ವರ್ಷಗಳಲ್ಲಿ ನೀನು ನನ್ನ ಮುಂದೆ ಒಂದು ಸಲವಾದರೂ ಸಿಟ್ಟಾಗಿದ್ದೀಯಾ, ವಿರುಪಣ್ಣ?"

ವಿರುಪಣ್ಣ ಮತ್ತೆ ಕೈಕಟ್ಟಲು ಹೋಗಿ, ಅರ್ಧದಲ್ಲೇ ಕೈ ಬಿಟ್ಟ.