ಬದುಕಿದವನ ಕಲ್ಲು

ಹುಲ್ಲೇಕಣಿವೆಯ ಬಾಯಲ್ಲಿ, ರಸ್ತೆಯ ಎಡಕ್ಕೆ, ಆಳೆತ್ತರದ ಒಂದು ವೀರಗಲ್ಲು ಇದೆ. ಬಸ್ಸಿನವರು ಆ ಜಾಗವನ್ನು ಕಲ್ಲುಸ್ಟಾಪು ಎನ್ನುತ್ತಾರೆ, ಅದು ಸೋಮಾರಿತನ. ಊರಿನವರು ಇಟ್ಟ ಹೆಸರು ಬದುಕಿದವನ ಕಲ್ಲು. ವೀರಗಲ್ಲು ನಿಲ್ಲಿಸುವುದು ಸತ್ತವನಿಗೆ ಎಂದು ಬಲ್ಲವರು ಈ ಹೆಸರು ಕೇಳಿ ನಗುತ್ತಾರೆ. ನಗಲಿ, ಆದರೆ ಸಂಗತಿಯನ್ನು ಸರಿಯಾಗಿ ತಿಳಿದು ನಗಲಿ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದಾಗ, ಶತ್ರುಗಳ ಕುದುರೆದಂಡು ಈ ಕಣಿವೆಗೆ ನುಗ್ಗಿತಂತೆ. ನಮ್ಮ ಕಡೆಯವರು ಗಾಯಾಳುಗಳನ್ನು ಹೊತ್ತು ಹಿಂದೆಗೆಯುತ್ತಿದ್ದರು. ಅವರು ದಾಟುವವರೆಗೆ ಕಣಿವೆಯ ಬಾಯನ್ನು ಒಬ್ಬನೇ ತಡೆದು ನಿಂತವನು ಈರಬೊಮ್ಮ. ಮನೆಯಲ್ಲಿ ಕಂಬಳಿ ನೇಯುವವನು, ದಂಡಿನಲ್ಲಿ ಈಟಿ ಹಿಡಿದವನು. ಆ ಇಕ್ಕಟ್ಟಿನಲ್ಲಿ ಕುದುರೆಗಳು ಒಂದರ ಹಿಂದೊಂದು ಬರಲೇಬೇಕು. ಮೊದಲನೆಯದನ್ನು ಕೆಡವಿದ, ಅದೇ ಮಿಕ್ಕವಕ್ಕೆ ಗೋಡೆಯಾಯಿತು. ಕೊನೆಗೆ ಅವನೂ ಬಿದ್ದದ್ದನ್ನು ದೂರದಿಂದ ಕಂಡವರು ಊರಿಗೆ ಬಂದು, ಸತ್ತ ಎಂದರು. ಊರು ಅತ್ತಿತು, ಕಲ್ಲುಕುಟಿಗ ಚಾವೋಜನನ್ನು ಕರೆಸಿ ಕಲ್ಲು ಕೆತ್ತಲು ಹೇಳಿತು. ಈರಬೊಮ್ಮನ ಹೆಂಡತಿ ಮಾರಕ್ಕ ಮಾತ್ರ ಹೆಣ ಕಾಣದೆ ಬಳೆ ಒಡೆಯುವುದಿಲ್ಲವೆಂದು ಪಟ್ಟು ಹಿಡಿದಳು ಎನ್ನುತ್ತಾರೆ.

ವೀರಗಲ್ಲಿಗೆ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಚಾವೋಜ ಎರಡನ್ನು ಮುಗಿಸಿ ಮೂರನೆಯದಕ್ಕೆ ಉಳಿ ಇಡುವ ಹೊತ್ತಿಗೆ ಈರಬೊಮ್ಮ ಕುಂಟುತ್ತ ಊರಿಗೆ ಬಂದ. ಬಿದ್ದವನನ್ನು ಕುರಿಗಾರರು ಎತ್ತಿ ಬದುಕಿಸಿದ್ದರು. ಪಾಳೆಯಗಾರ ಕರೆಸಿ ಕಾಲಿಗೆ ವೀರನ ಬೆಳ್ಳಿ ಕಡಗ ತೊಡಿಸಿದ್ದ. ಸಂಭ್ರಮವೇನೋ ಆಯಿತು, ಆಮೇಲೆ ಊರಗೌಡನಿಗೆ ಚಿಂತೆ ಹತ್ತಿತು. ಅಪ್ಸರೆಯರನ್ನು ಕೆತ್ತಿದ ಕಲ್ಲನ್ನು ಒಡೆಯುವಂತಿಲ್ಲ, ಅರ್ಧಕ್ಕೆ ಬಿಡುವಂತಿಲ್ಲ. ಕಲ್ಲು ನಿಂತವನಿಗೆ ಪೂಜೆಯುಂಟು, ಸಂಸಾರವಿಲ್ಲ. ಇದು ಕಟ್ಟಳೆ.

"ನೀನಿನ್ನು ಗುಡೀಲಿ ಕೂತ್ಬಿಡಪ್ಪ. ಹೊತ್ತುಹೊತ್ತಿಗೆ ಎಡೆ ಬರ್ತದೆ," ಎಂದ ಗೌಡ.

ಮಾರಕ್ಕ ಕಲ್ಲಿನ ಮುಂದೆ ನಿಂತಳು. "ಇವರ್ಯಾರು ಓಜಯ್ಯ, ಇವನ ತೋಳು ಹಿಡಿದಿರೋರು?"

"ಅಪ್ಸರೆಯರು ಕಣವ್ವ."

"ಎಡಕ್ಕೊಬ್ಬಳು, ಬಲಕ್ಕೊಬ್ಬಳು! ಬದುಕಿದ್ದಾಗ ಒಬ್ಬಳಿಗೇ ಉತ್ತರ ಹೇಳೋಕಾಗ್ತಿರ್ಲಿಲ್ಲ ಇವನಿಗೆ."

ಊರು ನಕ್ಕಿತು. ಈರಬೊಮ್ಮ ನಗಲಿಲ್ಲ. ಕುದುರೆಗಳಿಗೆ ಹೆದರದವನಿಗೆ ಮನೆ, ಮಗ್ಗ ಕೈತಪ್ಪುತ್ತವೆಂಬ ಹೆದರಿಕೆ ಹುಟ್ಟಿತ್ತು. ಖಾಲಿ ಅಂಕಣವನ್ನೇ ನೋಡುತ್ತಿದ್ದವನು ಮೆಲ್ಲಗೆ ಹೇಳಿದ: "ಗೌಡ್ರೇ, ಕಟ್ಟಳೆ ಮುರಿಯೋದು ಬೇಡ. ಇವರು ನನ್ನನ್ನ ಎತ್ಕೊಂಡೇ ಹೋಗ್ಲಿ. ಎಲ್ಲಿ ಇಳಿಸ್ಬೇಕು ಅಂತ ಓಜಯ್ಯ ಇನ್ನೂ ಕೆತ್ತಿಲ್ವಲ್ಲ? ನನ್ನ ಮಗ್ಗದ ಮುಂದೆ ಇಳಿಸ್ಲಿ."

ಗೌಡ ಕಟ್ಟಳೆಯನ್ನು ತಿರುವಿಹಾಕಿ ನೋಡಿದ. ತಪ್ಪು ಸಿಗಲಿಲ್ಲ, ಒಪ್ಪಿದ. ಈರಬೊಮ್ಮ ಮುಪ್ಪಿನವರೆಗೂ ಕಂಬಳಿ ನೇಯ್ದುಕೊಂಡೇ ಇದ್ದನಂತೆ. ವೀರನ ಕಡಗವನ್ನು, ಎಳೆ ಬಿಗಿಯಾಗಿರಲೆಂದು, ಮಗ್ಗದ ಹಗ್ಗಕ್ಕೆ ಭಾರವಾಗಿ ಕಟ್ಟಿದ್ದ. ಕೇಳಿದವರಿಗೆ, "ಕಾಲಿಗೆ ಕಚ್ತದೆ, ಉಣ್ಣೆ ಎಳೆಗೆ ಒಪ್ತದೆ," ಎನ್ನುತ್ತಿದ್ದನೇ ಹೊರತು ಕಾಳಗದ ಮಾತನ್ನು ತಾನಾಗಿ ಎತ್ತಿದವನಲ್ಲ.

ಇಂದಿಗೂ ಹತ್ತಿರ ಹೋಗಿ ನೋಡಬಹುದು. ಕೈಲಾಸವಿರಬೇಕಾದಲ್ಲಿ ಮಗ್ಗದ ಮುಂದೆ ಕೂತ ಗಂಡಸು, ಪಕ್ಕದಲ್ಲಿ ನೂಲುವ ಹೆಂಗಸು. ಅವಳ ಕೈತುಂಬ ಬಳೆ. ಈ ಸುತ್ತಿನ ಹುಡುಗರು ಸೈನ್ಯಕ್ಕೆ ಹೊರಡುವಾಗ ಕೆಳಗಿನ ಅಂಕಣ ಮುಟ್ಟಿ ಹೋಗುತ್ತಾರೆ, ಮರಳಿ ಬಂದಾಗ ಮೇಲಿನದನ್ನು. ಮೇಲಿನದೇ ಹೆಚ್ಚು ನುಣುಪಾಗಿದೆ. ಹೊರಡುವವನು ಒಬ್ಬನೇ ಮುಟ್ಟುತ್ತಾನೆ. ಬಂದವನು ಹೆಂಡತಿ, ಮಕ್ಕಳು, ತಾಯಿ, ಎಲ್ಲರ ಕೈಯನ್ನೂ ಹಿಡಿದು ಮುಟ್ಟಿಸುತ್ತಾನೆ.